ಸಿರ್ಸಿ ಹತ್ತಿರ ತೋಟದ ಮನೆ, ಆಯಿ-ಅಪ್ಪಯ್ಯ ಇಬ್ಬರೇ ಇರುವುದು. ಶೆಲ್ಟರ್‌ನಿಂದ ನಾಯಿ ತರಬಹುದಾ?

ತೋಟದಮನೆ_ಮಾಣಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಮ್ಮ ಮನೆ ಸಿರ್ಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ಟಾರ್ ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಪಕ್ಕದ ಮನೆ ಅಂದರೆ ತೋಟ ಇಳಿದು, ಹಳ್ಳ ದಾಟಿ, ಆಚೆ ಗುಡ್ಡ ಹತ್ತಬೇಕು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ತಿಂಗಳಿಗೊಮ್ಮೆ ಬರುತ್ತೇನೆ. ಮನೆಯಲ್ಲಿ ಅಪ್ಪಯ್ಯ (71) ಮತ್ತು ಆಯಿ (66) ಇಬ್ಬರೇ.

ಮೊದಲು ಕರಿಯ ಅಂತ ಒಂದು ನಾಯಿ ಇದ್ದ. ಹನ್ನೊಂದು ವರ್ಷ ಇದ್ದ. ಹೋದ ವರ್ಷ ದೀಪಾವಳಿ ಕಳೆದು ಒಂದು ವಾರಕ್ಕೆ ಚಿರತೆ ಹೊತ್ತುಕೊಂಡು ಹೋಯಿತು, ಅಂಗಳದಿಂದಲೇ. ರಾತ್ರಿ ಕಂಬಕ್ಕೆ ಕಟ್ಟಿದ್ದರು. ಬೆಳಗ್ಗೆ ನೋಡಿದರೆ ಸರಪಳಿ, ತುಂಡಾದ ಬೆಲ್ಟು ಅಷ್ಟೇ. ಆಯಿ ಆ ಸರಪಳಿಯನ್ನು ಇನ್ನೂ ಬಿಚ್ಚಿಲ್ಲ. ಇನ್ನು ನಾಯಿ ಬೇಡ ಅಂತ ಅಪ್ಪಯ್ಯ ನಾಲ್ಕು ತಿಂಗಳು ಹೇಳಿದರು, ಈಗ ಅವರೇ ದಿನಾ ಫೋನ್ ಮಾಡಿದಾಗ ಮಂಗನ ಸುದ್ದಿ ತೆಗೆಯುತ್ತಾರೆ. ಮಂಗಗಳು ಎಳೆ ಅಡಿಕೆ, ಬಾಳೆಗೊನೆ ಏನನ್ನೂ ಬಿಡುತ್ತಿಲ್ಲ, ಒಂದು ನಾಯಿ ಇದ್ದಿದ್ದರೆ ಆಗುತ್ತಿತ್ತು ಅಂತ.

ದುಡ್ಡು ಕೊಟ್ಟು ಜಾತಿ ನಾಯಿ ತರುವುದು ನನಗೆ ಇಷ್ಟ ಇಲ್ಲ. ಅದಕ್ಕೇ ನಮ್ಮ ಊರ ಕಡೆಯ ಒಂದು ಶೆಲ್ಟರ್‌ಗೆ ಹೋಗಿದ್ದೆ. ಎರಡು ತಿಂಗಳ ಮರಿ ನೋಡಿದೆ, ಕಂದು ಬಣ್ಣ, ಒಂದು ಕಿವಿ ಮಡಚಿದ್ದು, ಕೈಗೆತ್ತಿಕೊಂಡ ಕೂಡಲೇ ನನ್ನ ಶರ್ಟಿನ ಗುಂಡಿ ಜಗಿಯಲು ಶುರು ಮಾಡಿತು. ತರುವುದು ಅಂತ ತೀರ್ಮಾನ ಮಾಡಿಯೂ ಆಗಿತ್ತು. ಆಮೇಲೆ ಅವರು ಫಾರ್ಮ್ ತೆಗೆದರು ನೋಡಿ. ಮನೆಯಲ್ಲಿ ಯಾರ್‍ಯಾರು, ವಯಸ್ಸೆಷ್ಟು, ಹಗಲು ಎಲ್ಲಿರುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ, ಕಟ್ಟುತ್ತೀರಾ, ಹಿಂದಿನ ನಾಯಿಗೆ ಏನಾಯಿತು. ನಾನು ಇದ್ದದ್ದು ಇದ್ದಹಾಗೆ ಹೇಳಿದೆ. ಹೇಳಿದ್ದೇ ತಪ್ಪಾಯಿತೋ ಏನೋ, ಈ ಮನೆಗೆ ಮರಿ ಕೊಡುವುದಿಲ್ಲ ಅಂದುಬಿಟ್ಟರು. ಬೇಕಾದರೆ ನಾಲ್ಕು ವರ್ಷದ ಒಂದು ಹೆಣ್ಣು ನಾಯಿ ಇದೆ, ಮರಿಯಾಗದ ಹಾಗೆ ಆಪರೇಷನ್ ಆಗಿದೆ, ಅದನ್ನು ನೋಡಿ, ಅದಕ್ಕೂ ಮೊದಲು ನಾವು ಮನೆ ನೋಡಲು ಬರುತ್ತೇವೆ ಅಂದರು. ನನಗೆ ಸಿಟ್ಟು ಬಂತು. ಹೆಣ್ಣು ಕೊಡುವವರು ಕೂಡ ಇಷ್ಟು ಕೇಳುವುದಿಲ್ಲ!

ನನ್ನ ಪ್ರಶ್ನೆ ಇಷ್ಟೇ. ಇಷ್ಟೆಲ್ಲ ಕೇಳುವುದು ಸರಿಯಾ? ನಾಲ್ಕು ವರ್ಷದ ನಾಯಿ ಹೊಸ ಮನೆಗೆ ಹೊಂದಿಕೊಳ್ಳುತ್ತದಾ? ಇನ್ನೊಂದು, ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರುವ ಹಾಗಿಲ್ಲ. ಕರಿಯ ಮಜ್ಜಿಗೆ ಅನ್ನ, ದೋಸೆಯಲ್ಲೇ ಬದುಕಿದ್ದ. ಅದು ಸಾಕಾಗುತ್ತದಾ?

ಘಟ್ಟದ_ಮೇಲಿನವಳು:

ನಾನು ಬೇರೆ ಶೆಲ್ಟರ್ ಒಂದರಲ್ಲಿ ಭಾನುವಾರ ಹೋಗಿ ಕೆಲಸ ಮಾಡುತ್ತೇನೆ, ನಿಮಗೆ ಫಾರ್ಮ್ ಕೊಟ್ಟವರು ಯಾರು ಅಂತ ಗೊತ್ತಿಲ್ಲ. ಆದರೆ ಅವರು ಮಾಡಿದ್ದು ಸರಿ. ಸಿಟ್ಟು ಮಾಡಿಕೊಳ್ಳಬೇಡಿ, ಪೂರ್ತಿ ಓದಿ.

ಎರಡು ತಿಂಗಳ ಮರಿ ಅಂದರೆ ದಿನಕ್ಕೆ ಮೂರು ನಾಲ್ಕು ಸಲ ಊಟ, ಗಂಟೆಗೊಮ್ಮೆ ಉಚ್ಚೆ, ಸಿಕ್ಕಿದ್ದನ್ನೆಲ್ಲ ಕಚ್ಚುವುದು. ನಿಮ್ಮ ಅಪ್ಪಯ್ಯನ ಪಂಚೆ, ಆಯಿಯ ಸೀರೆ ಅಂಚು, ಒಣಗಲು ಹರವಿದ ಅಡಿಕೆ, ಯಾವುದೂ ಉಳಿಯುವುದಿಲ್ಲ. ಜಗಲಿ ಮೆಟ್ಟಿಲ ಮೇಲೆ ಕಾಲಿಗೆ ಅಡ್ಡ ಬಂದು 66 ವರ್ಷದವರು ಬಿದ್ದರೆ? ನೀವು ಬೆಂಗಳೂರಿನಲ್ಲಿ. ಮೂರನೇ ತಿಂಗಳಿಗೆ "ಹಗಲು ಸ್ವಲ್ಪ ಕಟ್ಟಿಡೋಣ" ಅಂತ ಶುರುವಾಗುತ್ತದೆ, ಆರನೇ ತಿಂಗಳಿಗೆ ಹಗಲೂ ರಾತ್ರಿಯೂ ಕಟ್ಟಿಯೇ ಇರುತ್ತದೆ. ಹೀಗೆ ಆದದ್ದನ್ನು ನಾನೇ ಎಷ್ಟು ಮನೆಯಲ್ಲಿ ನೋಡಿದ್ದೇನೆ. ನಿಮ್ಮ ಮನೆಯವರು ಕೆಟ್ಟವರು ಅಂತಲ್ಲ. ಕರಿಯನನ್ನು ಹನ್ನೊಂದು ವರ್ಷ ನೋಡಿಕೊಂಡವರು ಅವರು. ಆದರೆ ಕರಿಯ ಮರಿಯಾಗಿ ಬಂದಾಗ ನಿಮ್ಮ ಅಪ್ಪಯ್ಯನಿಗೆ 60 ಇದ್ದಿರಬೇಕು, ಲೆಕ್ಕ ಹಾಕಿ.

ಇನ್ನು ಕೊಟ್ಟ ಮೇಲೆ ಏನಾಗುತ್ತದೆ ಅಂತ ಕೇಳಿ. ಒಂದು ವರ್ಷ ಕೂಡ ಆಗಿರುವುದಿಲ್ಲ, "ಹೆಣ್ಣು ಅಂತ ಗೊತ್ತಿರಲಿಲ್ಲ", "ಮಗಳ ಪರೀಕ್ಷೆ", "ಮನೆ ಕಟ್ಟಿಸುತ್ತಿದ್ದೇವೆ" ಅಂತ ವಾಪಸ್ ತರುತ್ತಾರೆ. ತಂದವರಾದರೂ ಒಳ್ಳೆಯವರು ಬಿಡಿ. ದೇವಿಮನೆ ಘಟ್ಟದ ತಿರುವಿನಲ್ಲಿ ಗೋಣಿಚೀಲದಲ್ಲಿ ಐದು ಮರಿ ಸಿಕ್ಕಿದ್ದವು ನಮಗೆ, ಎಲ್ಲವೂ ಹೆಣ್ಣು. ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ನಾಯಿಯನ್ನು ಸದಾ ಕಟ್ಟಿ ಹಾಕಿ ಓಡಾಡಲು ಬಿಡದೇ ಇರುವುದೂ ಅದೇ ಕಲಮಿನಲ್ಲಿ ಬರುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಒಂದು ಪ್ಲೇಟ್ ಮಸಾಲೆ ದೋಸೆಗಿಂತ ಕಡಿಮೆ. ಕಾನೂನು ಹಿಡಿಯುವುದಿಲ್ಲ ಅಂತಲೇ ನಾವು ಫಾರ್ಮ್ ಹಿಡಿದು ಕೂರುವುದು.

ದೊಡ್ಡ ನಾಯಿ ಹೊಂದಿಕೊಳ್ಳುತ್ತದೆ, ಟೈಮ್ ಕೊಡಬೇಕು. ನಾವು ಹೇಳುವುದು ಮೂರು ದಿನ, ಮೂರು ವಾರ, ಮೂರು ತಿಂಗಳು. ಮೂರು ದಿನ ಮೂಲೆ ಬಿಟ್ಟು ಬರುವುದಿಲ್ಲ, ಸರಿಯಾಗಿ ತಿನ್ನುವುದೂ ಇಲ್ಲ. ಮೂರು ವಾರಕ್ಕೆ ಮನೆಯ ಹೊತ್ತು ಗೊತ್ತು ಅದಕ್ಕೆ, ಹಾಲು ಕರೆಯುವುದು ಯಾವಾಗ, ಆಸರಿಗೆ (ಚಹಾ-ಕಾಫಿಗೆ) ಯಾವಾಗ ಅಂತ. ಮೂರು ತಿಂಗಳಿಗೆ ನಿಮ್ಮನ್ನೇ ನೋಡಿ ಬೊಗಳುತ್ತದೆ, ತಿಂಗಳಿಗೊಮ್ಮೆ ಬರುವ ನೆಂಟ ಅಲ್ವಾ ನೀವು. ಇದು ಪಂಚಾಂಗ ಅಲ್ಲ, ಕೆಲವು ನಾಯಿ ಬೇಗ, ಕೆಲವು ನಿಧಾನ. ನಾಲ್ಕು ವರ್ಷದ ನಾಯಿಯ ಗುಣ ಏನು ಅಂತ ಈಗಲೇ ನೋಡಿ ತಿಳಿಯಬಹುದು, ಮರಿಯದ್ದು ಲಾಟರಿ.

ಒಂದು ಮಾತು ಕೇಳುತ್ತೇನೆ, ಬೇಜಾರು ಬೇಡ. ಆ ಫಾರ್ಮ್‌ನಲ್ಲಿ ಮಾಲೀಕರು ಅಂತ ಇರುವ ಜಾಗದಲ್ಲಿ ಯಾರ ಹೆಸರು ಬರೆಯುತ್ತೀರಿ? ಅಪ್ಪಯ್ಯನದಾ, ನಿಮ್ಮದಾ?

ಬೀಚ್_ರೋಡ್_ಬಾಸ್:

ಇಷ್ಟೆಲ್ಲ ರಾಮಾಯಣ ಯಾಕೆ ಗುರು. ಸಿರ್ಸಿ ಬಸ್‌ಸ್ಟ್ಯಾಂಡ್ ಹಿಂದೆ ಹೋಗಿ, ಬೇಕಾದಷ್ಟು ಮರಿ ಇರುತ್ತವೆ, ಒಂದು ಎತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗು. ನಮ್ಮಜ್ಜ ಯಾವ ಫಾರ್ಮೂ ತುಂಬಿರಲಿಲ್ಲ.

ಹಳೇ_ಕಾಂಪೌಂಡರ್:

ನಿಮ್ಮಜ್ಜನ ಕಾಲದಲ್ಲಿ ಒಂದು ಸೂಲಿನಲ್ಲಿ ಎಷ್ಟು ಮರಿ ಉಳಿಯುತ್ತಿದ್ದವು ಅಂತಲೂ ಕೇಳಿ ನೋಡಿ ಅಜ್ಜನನ್ನು. ನಾನು ಪಶು ಆಸ್ಪತ್ರೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು, ಘಟ್ಟದ ಮೇಲೂ ಕೆಳಗೂ. ಕಣ್ಣು ಬಿಟ್ಟು ವಾರವಾಗಿರುತ್ತದೆ, ಅಷ್ಟರಲ್ಲಿ ತಾಯಿಯಿಂದ ಕಿತ್ತು ಪೆಟ್ಟಿಗೆಯಲ್ಲಿ ತರುತ್ತಾರೆ. ಎಂಟು ವಾರ ಆಗುವ ತನಕ ಮರಿ ತಾಯಿಯ ಹತ್ತಿರವೇ ಇರಬೇಕು. ಕಚ್ಚಿದರೆ ನೋವಾಗುತ್ತದೆ ಅಂತ ಅದು ಕಲಿಯುವುದೇ ಒಡಹುಟ್ಟಿದವುಗಳ ಜೊತೆ ಆಡುವಾಗ.

ತಮ್ಮಾ ತೋಟದಮನೆ, ನಿನಗೆ ಬರೆಯುತ್ತೇನೆ. ವಯಸ್ಸಾದವನು, ಸ್ವಲ್ಪ ಅತ್ತಿತ್ತ ಹೋದರೆ ಸಹಿಸಿಕೋ.

ಮೊದಲು ಲಸಿಕೆ. ಮರಿಗಾದರೆ ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ. ಅದು ಡಿಸ್ಟೆಂಪರ್, ಪಾರ್ವೋ ಇತ್ಯಾದಿ ವೈರಸ್ ರೋಗಗಳಿಗೆ. ರೇಬೀಸ್‌ನದು ಮೂರು ತಿಂಗಳಿಗೆ, ನಂತರ ವರ್ಷ ವರ್ಷ. ನಾಲ್ಕು ವರ್ಷದ ನಾಯಿಗೆ ಇವೆಲ್ಲ ಶೆಲ್ಟರ್‌ನವರೇ ಹಾಕಿಸಿರುತ್ತಾರೆ, ಆದರೂ ಕಾರ್ಡ್ ಕೇಳಿ ತಗೋ, ಬಾಯಿಮಾತು ನಂಬಬೇಡ. ಇಲಿಜ್ವರದ ಲಸಿಕೆ ಅದರಲ್ಲಿ ಸೇರಿದೆಯಾ ನೋಡು. ನಮ್ಮ ಕಡೆ ಮಳೆಗಾಲದಲ್ಲಿ ನಿಂತ ನೀರು, ಇಲಿ, ಗದ್ದೆ, ಎಲ್ಲ ಒಟ್ಟಿಗೆ. ಪಾರ್ವೋ ವಿಷಯದಲ್ಲಿ ಇನ್ನೊಂದು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಒಂದು ಮರಿ ರಕ್ತಭೇದಿಯಾಗಿ ಸತ್ತಿತು, ಅಳು ತಡೆಯಲಾರದೆ ಮುಂದಿನ ವಾರವೇ ಇನ್ನೊಂದು ತಂದರು, ಅದೂ ಸತ್ತಿತು, "ನಮ್ಮ ಮನೆಗೆ ನಾಯಿ ಆಗಿಬರುವುದಿಲ್ಲ" ಅಂತ ದೇವರಿಗೆ ಕೇಳಿಸಿದರು. ಇಂಥ ಮನೆಗಳನ್ನು ಬೆರಳಲ್ಲಿ ಎಣಿಸಿ ಮುಗಿಯುವುದಿಲ್ಲ.

ನಿನ್ನ ಮನೆಗೆ ಪಾರ್ವೋಗಿಂತ ದೊಡ್ಡ ಚಿಂತೆ ಉಣ್ಣಿ, ನಮ್ಮ ಕಡೆ ಉಣುಗು ಅನ್ನುತ್ತೇವಲ್ಲ ಅದು. ಸಿದ್ದಾಪುರದ ಕಡೆ ಅಂದೆ, ಬೆಟ್ಟಕ್ಕೆ ಸೊಪ್ಪಿಗೆ ಹೋಗುವ ಮನೆ ಇದ್ದೀತು. ಉಣ್ಣಿ ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ಪಕ್ಕದ ಸೊರಬ ತಾಲೂಕಿನಲ್ಲೇ. ಚಳಿಗಾಲದಿಂದ ಮಳೆ ಹಿಡಿಯುವ ತನಕ ಅದರ ಕಾಲ. ನಾಯಿಯಿಂದ ನೇರ ಮನುಷ್ಯರಿಗೆ ಅದು ಬರುತ್ತದೆ ಅಂತಲ್ಲ, ಆದರೆ ಕಾಡು ಸುತ್ತಿ ಬಂದ ನಾಯಿಯ ಮೈಮೇಲೆ ಕೂತು ಉಣ್ಣಿ ಜಗಲಿಗೆ ಬರುತ್ತದೆ. ಮಂಗನ ಹಿಂದೆ ನಾಯಿ ಬಿಡುವುದು ಅಂತ ಅಪ್ಪಯ್ಯ ಹೇಳುತ್ತಾರಲ್ಲ, ಅದಕ್ಕೇ ಇದನ್ನು ಬರೆದೆ. ತೋಟದಲ್ಲಿ ಬೊಗಳಲಿ, ಅಷ್ಟಕ್ಕೇ ಮಂಗ ಹೆದರಿ ಮರ ಬದಲಿಸುತ್ತದೆ. ಬೆಟ್ಟಕ್ಕೆ ಅಟ್ಟಬೇಡಿ. ಸತ್ತ ಮಂಗ ಕಂಡರೆ ನಾಯಿಯೂ ಹತ್ತಿರ ಹೋಗಬಾರದು, ನೀವೂ ಹೋಗಬಾರದು, ಆರೋಗ್ಯ ಇಲಾಖೆಗೆ ತಿಳಿಸಬೇಕು. ನಾಯಿಗೆ ಉಣ್ಣಿ ಹತ್ತದ ಹಾಗೆ ಕುತ್ತಿಗೆ ಹಿಂದೆ ಹಾಕುವ ಔಷಧ ಇದೆ, ಮಾತ್ರೆಯೂ ಇದೆ, ತೂಕ ನೋಡಿ ಡಾಕ್ಟರು ಹೇಳುತ್ತಾರೆ. ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕುತ್ತಿಗೆ ಪಟ್ಟಿಯ ಅಡಿಗೆ ಕೈಯಾಡಿಸಿ ನೋಡುವುದು ರೂಢಿ ಆಗಬೇಕು. ಸಿಕ್ಕಿದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು. ಉಗುರಲ್ಲಿ ಚಿಟ್ ಅಂತ ಒಡೆಯುವ ಚಟ ನಮ್ಮ ಹೆಂಗಸರಿಗೂ ಗಂಡಸರಿಗೂ ಇದೆ, ಅದು ಬೇಡ. ಸೀಮೆಎಣ್ಣೆ, ಬೆಂಕಿಕಡ್ಡಿಯೂ ಬೇಡ. ನಾಯಿ ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಚಿಕೊಂಡರೆ ಉಣ್ಣಿ ಜ್ವರ ಇರಬಹುದು. ನಾಳೆ ನೋಡೋಣ ಅನ್ನಬಾರದು.

ಊಟದ ವಿಷಯ. ಕರಿಯ ಮಜ್ಜಿಗೆ ಅನ್ನದಲ್ಲೇ ಬದುಕಿದ್ದ ಅಂದೆ. ನಿನ್ನ ಕಣ್ಣಿಗೆ ಬೀಳದ ಹಾಗೆ ಅವನು ತೋಟದಲ್ಲಿ ಇಲಿ, ಏಡಿ ಹಿಡಿದು ತಿಂದಿರುತ್ತಾನೆ ಮಾರಾಯಾ! ನಾಯಿಗೆ ಸಸ್ಯಾಹಾರದಲ್ಲಿ ನಡೆಯುತ್ತದೆ, ಆದರೆ ಬರೀ ಅನ್ನದಲ್ಲಿ ನಡೆಯುವುದಿಲ್ಲ. ಬೇಯಿಸಿದ ಬೇಳೆ, ಮೊಸರು, ಸಿಹಿಕುಂಬಳ ಸೇರಿಸಿ, ಜೊತೆಗೆ ಒಂದು ಹೊತ್ತು ಅಂಗಡಿಯ ಸಸ್ಯಾಹಾರಿ ಒಣ ಆಹಾರ ಹಾಕಿದರೆ ಆಯಿಗೂ ತೊಂದರೆ ಇಲ್ಲ. ಮೊಟ್ಟೆ ಕೊಡಬೇಕು ಅಂದರೆ ಕೊಟ್ಟಿಗೆ ಆಚೆ ಬಚ್ಚಲ ಒಲೆಯಲ್ಲಿ ಬೇಯಿಸುವವರನ್ನು ನಾನು ನೋಡಿದ್ದೇನೆ, ಹೆಸರು ಹೇಳುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ್ದನ್ನು ಹಾಕಬೇಡಿ, ಚಾಕಲೇಟ್, ದ್ರಾಕ್ಷಿ ಬೇಡವೇ ಬೇಡ.

ಅಡಿಕೆ ಮನೆಗೆ ವಿಶೇಷವಾಗಿ ಎರಡು. ಹಸಿ ಅಡಿಕೆ ಜಗಿಯಲು ಬಿಡಬೇಡಿ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನು ಹಿಂದೆ ನಾಯಿಗಳ ಲಾಡಿಹುಳಕ್ಕೆ ಔಷಧವಾಗಿ ಕೊಡುತ್ತಿದ್ದರು, ಹೆಚ್ಚಾದರೆ ವಾಂತಿ ಭೇದಿ ಎರಡೂ. ಇನ್ನೊಂದು ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕಲಸಿ ಡ್ರಮ್ಮಿನಲ್ಲಿ ಇಟ್ಟಿರುತ್ತೀರಿ. ನಾಯಿ ಬಾಯಾರಿ ಅದಕ್ಕೆ ಮೂತಿ ಹಾಕಿದರೆ ಆ ತಾಮ್ರ ವಿಷ. ಕೊನೆಗೌಡ ಔಷಧ ಹೊಡೆಯಲು ಮರ ಹತ್ತಿದ ದಿನ ನಾಯಿ ಒಳಗಿರಲಿ.

ಯಾರಿಗಾದರೂ ಹಲ್ಲು ತಾಗಿದರೆ, ನಮ್ಮದೇ ನಾಯಿ, ಲಸಿಕೆ ಆಗಿದೆ ಅಂತ ಸುಮ್ನೆ ಕೂರಬಾರದು. ಹರಿಯುವ ನೀರು, ಸಾಬೂನು, ಹದಿನೈದು ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಿಕೊಂಡು ಬಂದವರನ್ನು ಕಂಡು ಸಾಕಾಗಿದೆ. ರೇಬೀಸ್ ಲಕ್ಷಣ ಶುರುವಾದ ಮೇಲೆ ಔಷಧ ಇಲ್ಲ.

ಕಾಜುಬಾಗ_ಕಡಲು:

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಘಟ್ಟದ ಮೇಲಿನ ಮೇಡಂ ಹೇಳಿದ ವಾಪಸ್ ತರುವವರಲ್ಲಿ ನಾನೂ ಒಬ್ಬಳು.

ಲಾಕ್‌ಡೌನ್ ಆಗಿತ್ತು, 2020. ಕಾರವಾರದಲ್ಲಿ ನಮ್ಮದು ಎರಡನೇ ಮಹಡಿಯ ಫ್ಲಾಟ್. ಮಕ್ಕಳು ಮನೆಯಲ್ಲೇ, ಇವರೂ ಮನೆಯಲ್ಲೇ, ಎಲ್ಲರಿಗೂ ಬೇಜಾರು, ನಾಯಿ ತರೋಣ ಅಂತ ಒಂದು ಮರಿ ತಂದೆವು. ಬಿಸ್ಕಿ ಅಂತ ಹೆಸರಿಟ್ಟೆವು. ಆಗ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ. ಶಾಲೆ ತೆರೆಯಿತು, ನನ್ನ ಕೆಲಸ ಶುರುವಾಯಿತು, ಬಿಸ್ಕಿ ಹಗಲೆಲ್ಲ ಒಬ್ಬನೇ. ಎಂಟು ಗಂಟೆ. ಬಾಗಿಲು ಕೆರೆದು ಕೆರೆದು ಬಣ್ಣ ಹೋಗಿ ಮರ ಕಾಣುತ್ತಿತ್ತು. ಕೆಳಗಿನ ಮನೆಯವರ ದೂರು ಬಂತು, ಸಂಘದವರು ನಾಯಿ ಸಾಕುವ ಹಾಗಿಲ್ಲ ಅಂದರು. ಹಾಗೆ ಹೇಳಲು ಸಂಘಕ್ಕೆ ಬರುವುದಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಆದರೆ ನಿಜ ಹೇಳಬೇಕು ಅಂದರೆ ಸಂಘ ಒಂದು ನೆಪ ಅಷ್ಟೇ. ಕಾನೂನು ನನ್ನ ಕಡೆ ಇದ್ದಿದ್ದರೂ ಆ ಎಂಟು ಗಂಟೆ ಹಾಗೇ ಇರುತ್ತಿತ್ತಲ್ಲ. ಅಷ್ಟರಲ್ಲಿ ಇವರಿಗೆ ವರ್ಗಾವಣೆ ಆಯಿತು. ನಾನೇ ಆಟೋದಲ್ಲಿ ಕೂರಿಸಿಕೊಂಡು ಹೋಗಿ ವಾಪಸ್ ಬಿಟ್ಟು ಬಂದೆ. ಆಟೋದಲ್ಲಿ ಹೋಗುವುದು ಅಂದರೆ ಬೀಚ್‌ಗೆ ಅಂತ ಅವನಿಗೆ ಗೊತ್ತು, ಬಾಲ ಆಡಿಸುತ್ತಲೇ ಇದ್ದ. ಬೇರೆಯವರು ತಗೊಂಡು ಹೋದರಂತೆ, ಚೆನ್ನಾಗಿದ್ದಾನಂತೆ. ಅಂತೆ.

ಕಾರವಾರದಲ್ಲಿ ವರ್ಗಾವಣೆ ನೌಕರಿಯವರು ಜಾಸ್ತಿ. ಮೂರು ವರ್ಷಕ್ಕೆ ಊರು ಬದಲಾಗುವವರು ನಾಯಿಯನ್ನೂ ಕರೆದುಕೊಂಡು ಹೋಗುವುದಾದರೆ ಮಾತ್ರ ತನ್ನಿ. ಅದು ಆಗದಿದ್ದರೆ ನಾನು ಈಗ ಮಾಡುವ ಹಾಗೆ ಮಾಡಿ. ಈಗ ವಾಪಸ್ ಕಾರವಾರಕ್ಕೇ ಬಂದಿದ್ದೇವೆ, ನಾನು ಕೆಲಸ ಅರ್ಧ ದಿನಕ್ಕೆ ಇಳಿಸಿಕೊಂಡಿದ್ದೇನೆ. ಆಪರೇಷನ್ ಆದ ನಾಯಿಗಳನ್ನು ಗಾಯ ಒಣಗುವ ತನಕ ಹತ್ತು ಹದಿನೈದು ದಿನ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುತ್ತೇನೆ. ಮಕ್ಕಳಿಗೂ ಗೊತ್ತು, ಇದು ನಮ್ಮದಲ್ಲ ಅಂತ.

ಕರಾವಳಿಯಲ್ಲಿ ನಾಯಿ ಸಾಕುವವರಿಗೆ ಇನ್ನೊಂದು ಹೇಳಿಬಿಡುತ್ತೇನೆ. ಟ್ಯಾಗೋರ್ ಬೀಚ್‌ನಲ್ಲಿ ಬೆಳಗ್ಗೆ ನಾಯಿ ಬಿಟ್ಟು ಓಡಿಸುವವರು ಬಲೆ ಎಳೆದ ಜಾಗ ನೋಡಿಕೊಳ್ಳಿ. ಹೊಟ್ಟೆ ಬಲೂನಿನ ಹಾಗೆ ಉಬ್ಬಿಸುವ ಮೀನು ಇದೆಯಲ್ಲ, ಮೀನುಗಾರರು ಅದನ್ನು ಮರಳ ಮೇಲೆ ಎಸೆದು ಹೋಗಿರುತ್ತಾರೆ. ಅದರಲ್ಲಿ ವಿಷ ಇದೆ. ಬೇಯಿಸಿದರೂ ಹೋಗುವುದಿಲ್ಲ, ನಾಯಿ ಹಸಿಯಾಗಿ ತಿಂದರಂತೂ ಕೈಕಾಲು ಸ್ವಾಧೀನ ತಪ್ಪಿ ಉಸಿರೇ ನಿಲ್ಲಬಹುದು. ಒಣಮೀನು ಕೂಡ ಬೇಡ, ಅಷ್ಟು ಉಪ್ಪು. ಬಂಗಡೆ ಆದರೆ ಬೇಯಿಸಿ ಮುಳ್ಳು ತೆಗೆದು.

ಬೀಚ್_ರೋಡ್_ಬಾಸ್:

ಸರಿ ಸರಿ, ನಾನು ತಮಾಷೆಗೆ ಹೇಳಿದ್ದು. ಆದರೂ ಒಂದು ಡೌಟು. ಶೆಲ್ಟರ್‌ನವರು ಹಿಡಿದು ಆಪರೇಷನ್ ಮಾಡಿ ಮತ್ತೆ ಅದೇ ರಸ್ತೆಗೆ ಬಿಡುತ್ತಾರಲ್ಲ, ಕಚ್ಚಿದರೆ ಯಾರು ಜವಾಬ್ದಾರಿ? ಅಲ್ಲೇ ಇಟ್ಟುಕೊಳ್ಳಬಾರದಾ?

ಘಟ್ಟದ_ಮೇಲಿನವಳು:

ಎಷ್ಟು ದಿನ, ಎಲ್ಲಿ ಇಟ್ಟುಕೊಳ್ಳುವುದು? ನಮ್ಮಲ್ಲಿರುವುದು ಹದಿನಾಲ್ಕು ಗೂಡು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲೂ ಇರುವುದು ಅದೇ, ಆಪರೇಷನ್, ರೇಬೀಸ್ ಲಸಿಕೆ ಎರಡೂ ಮಾಡಿ ಹಿಡಿದ ಜಾಗದಲ್ಲೇ ಬಿಡಬೇಕು. ಕಿವಿ ತುದಿ ಕತ್ತರಿಸಿದ ಗುರುತು ಇದ್ದರೆ ಆಗಿದೆ ಅಂತ ಅರ್ಥ. ಲಸಿಕೆ ಆದ ನಾಯಿ ಆ ಬೀದಿಯಲ್ಲಿ ಇದ್ದಷ್ಟು ದಿನ ಲಸಿಕೆ ಆಗದ ಇನ್ನೊಂದು ಸುಲಭಕ್ಕೆ ಒಳಗೆ ಬರುವುದಿಲ್ಲ. ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. ಅಲ್ಲಿ ವರ್ಷ ವರ್ಷ ಬೀದಿಬೀದಿ ತಿರುಗಿ ಬಲೆಯಲ್ಲಿ ಹಿಡಿದು ಲಸಿಕೆ ಹಾಕಿಯೇ 2021ರಲ್ಲಿ ರೇಬೀಸ್ ನಿಯಂತ್ರಿತ ರಾಜ್ಯ ಅಂತ ಘೋಷಿಸಿದ್ದು. ಕೊಂದೂ ಅಲ್ಲ, ಕೂಡಿ ಹಾಕಿಯೂ ಅಲ್ಲ. ಕಚ್ಚುವ ನಾಯಿ ಇದ್ದರೆ ಪುರಸಭೆಗೆ ಬರೆದು ಕೊಡಿ, ಅದನ್ನು ಪ್ರತ್ಯೇಕ ಇಟ್ಟು ನೋಡುತ್ತಾರೆ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಬರೆದು ಸ್ವೀಕೃತಿ ತಗೊಳ್ಳಿ.

ಕುಮಟಾ_ಬೆಕ್ಕಮ್ಮ:

ನಾಯಿ ರಗಳೆ ಬೇಡ ಅಂದರೆ ಬೆಕ್ಕು ತರಬಹುದು ಅಂತ ಹೇಳಲು ಬಂದೆ, ಆದರೆ ಮೊಟ್ಟೆಯೂ ಬಾರದ ಮನೆ ಅಂತ ಓದಿ ಸುಮ್ಮನಾದೆ. ಬೆಕ್ಕಿಗೆ ಮಾಂಸ ಬೇಕೇ ಬೇಕು, ಹಾಲು ಅನ್ನದಲ್ಲಿ ಅದರ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ. ಮನೆಯಲ್ಲಿ ಈಗಾಗಲೇ ಬೆಕ್ಕು ಇದ್ದರೆ ಒಂದು ಎಚ್ಚರ. ನಾಯಿಗೆ ಹಚ್ಚುವ ಕೆಲವು ಉಣ್ಣಿ ಔಷಧದಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ. ಜ್ವರ ಬಂತು ಅಂತ ನಮ್ಮ ಪ್ಯಾರಾಸಿಟಮಾಲ್ ಕೊಟ್ಟರೂ ಬೆಕ್ಕು ಸಾಯುತ್ತದೆ. ನಮ್ಮ ಮೊದಲನೆಯ ಬೆಕ್ಕು ಹೋಗಿದ್ದು ಹಾಗೇ, ಅರ್ಧ ಮಾತ್ರೆ. ನಾನೇ ಕೊಟ್ಟಿದ್ದೆ.

ಸೊಪ್ಪಿನಬೆಟ್ಟ:

ಚಿರತೆ ವಿಷಯ ಯಾರೂ ಸರಿಯಾಗಿ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮದೂ ಅಂಥದ್ದೇ ಮನೆ, ಮೂರು ಬದಿ ಬೆಟ್ಟ. ಎರಡು ನಾಯಿ ಕಳೆದುಕೊಂಡ ಮೇಲೆ ಬುದ್ಧಿ ಬಂತು.

ಅಂಗಳದಲ್ಲಿ ಕಟ್ಟಿದ ನಾಯಿ ಅಂದರೆ ಚಿರತೆಗೆ ಎಲೆ ಹಾಕಿ ಬಡಿಸಿಟ್ಟ ಹಾಗೆ. ಓಡಲೂ ಆಗುವುದಿಲ್ಲ, ಜಗಲಿ ಹತ್ತಲೂ ಆಗುವುದಿಲ್ಲ. ನಾಯಿ ಮನೆ ಕಾಯಲಿ ಅಂತ ನಾವು ಹೊರಗೆ ಕಟ್ಟುವುದು, ಆದರೆ ಆ ಹೊತ್ತಿನಲ್ಲಿ ನಾಯಿಯನ್ನು ಕಾಯುವವರು ಯಾರು? ಒಳಗಿದ್ದರೂ ಬೊಗಳುತ್ತದೆ, ಕಿವಿ ಹೊರಗೇ ಇರುತ್ತದೆ ಅದಕ್ಕೆ. ನಾವು ಜಗಲಿಯ ಒಂದು ಮೂಲೆಗೆ ಗ್ರಿಲ್ ಹಾಕಿಸಿದೆವು, ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಯಿ ಒಳಗೆ, ಬೆಳಕು ಹರಿದ ಮೇಲೆ ಹೊರಗೆ. ಮೊದಲು ನಮ್ಮ ಅಮ್ಮನೇ ಒಪ್ಪಲಿಲ್ಲ, ಜಗಲಿಗೆ ನಾಯಿಯಾ ಅಂತ. ಈಗ ಅದಕ್ಕೆ ಹಳೆ ಕಂಬಳಿ ಹಾಸುವುದು ಅವರೇ. ರಾತ್ರಿ ಉಚ್ಚೆಗೆ ಬಿಡುವಾಗ ನಾವೂ ಹೊರಗೆ ನಿಲ್ಲುತ್ತೇವೆ, ದೊಡ್ಡ ಬ್ಯಾಟರಿ ಹಿಡಿದು.

ಮತ್ತೆ ಹೆಣ್ಣು ನಾಯಿ ಬೇಡ ಅನ್ನುವವರ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಪರೇಷನ್ ಆಗದ ಗಂಡು ನಾಯಿ ಬೆದೆಯ ವಾಸನೆ ಹಿಡಿದು ನಾಲ್ಕು ಊರು ಸುತ್ತುತ್ತದೆ, ಜಗಳ, ಗಾಯ, ಹುಳ, ರಸ್ತೆಯಲ್ಲಿ ಗಾಡಿ. ನಮ್ಮಲ್ಲಿ ಈಗ ಇರುವುದು ಆಪರೇಷನ್ ಆದ ಹೆಣ್ಣು, ಐದು ವರ್ಷದ್ದನ್ನೇ ತಂದದ್ದು, ದಣಪೆ (ಬೇಲಿಯ ಗೇಟು) ದಾಟಿ ಹೋಗುವುದಿಲ್ಲ. ಮಂಗಕ್ಕೆ ಸಾಕಾಗುತ್ತದಾ ಅಂದರೆ, ಅರ್ಧಕ್ಕರ್ಧ. ಉಳಿದರ್ಧ ಪಟಾಕಿ, ಡಬ್ಬ ಬಡಿಯುವುದು ಇದ್ದೇ ಇದೆ. ಮಂಗ ಓಡಿಸಲಿಕ್ಕೆ ಅಂತಲೇ ನಾಯಿ ತರುವುದಾದರೆ, ಓಡಿಸದ ದಿನ ಅದರ ಮೇಲೆ ಸಿಟ್ಟು ಬರುತ್ತದೆ. ಅಪ್ಪಯ್ಯನಿಗೆ ಇದನ್ನು ಈಗಲೇ ಹೇಳಿಡಿ.

ತೋಟದಮನೆ_ಮಾಣಿ:

ಮೂರು ವಾರ ಬರೆಯಲು ಆಗಲಿಲ್ಲ, ಕ್ಷಮಿಸಿ. ಎಲ್ಲರ ಉತ್ತರವನ್ನೂ ಅಪ್ಪಯ್ಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಕಾಂಪೌಂಡರ್ ಮಾವ ಏಡಿ ವಿಷಯ ಬರೆದದ್ದಕ್ಕೆ ಆಯಿ ಒಪ್ಪುತ್ತಿಲ್ಲ, ಕರಿಯ ಅಂಥವನಲ್ಲವಂತೆ. ಅಪ್ಪಯ್ಯ ಮಾತ್ರ ನಕ್ಕರು, ಅವರಿಗೆ ಗೊತ್ತಿತ್ತು ಕಾಣುತ್ತದೆ.

ಹೋದ ಶನಿವಾರ ಆಯಿಯನ್ನೂ ಕರೆದುಕೊಂಡು ಶೆಲ್ಟರ್‌ಗೆ ಹೋದೆ. ನಾನು ಮರಿಯ ಕಡೆ ನೋಡದ ಹಾಗೆ ಹೋದೆ (ಅದು ಆಗಲೇ ಯಲ್ಲಾಪುರದ ಒಂದು ಮನೆಗೆ ಹೋಗಿ ಆಗಿತ್ತು, ಸ್ವಲ್ಪ ಬೇಜಾರಾಯಿತು). ನಾಲ್ಕು ವರ್ಷದ್ದನ್ನು ತೋರಿಸಿದರು. ಬೂದು ಬಣ್ಣ, ಹಿಂದಿನ ಒಂದು ಕಾಲು ಚೂರು ಕುಂಟು. ಎದ್ದು ಬರಲಿಲ್ಲ, ಬಾಲವೂ ಆಡಿಸಲಿಲ್ಲ. ಆಯಿ ಅದರ ಎದುರು ಮಣೆ ಹಾಕಿಕೊಂಡ ಹಾಗೆ ನೆಲದಲ್ಲೇ ಕೂತು, ನಮ್ಮ ಪಕ್ಕದ ಮನೆಯವರ ಸುದ್ದಿ, ಈ ಸಲದ ಅಡಿಕೆ ರೇಟು, ತನ್ನ ಮಂಡಿ ನೋವು ಎಲ್ಲ ಹೇಳಲು ಶುರು ಮಾಡಿದಳು. ಅರ್ಧ ಗಂಟೆ. ಏಳುವ ಹೊತ್ತಿಗೆ ಅದು ಆಯಿಯ ಚಪ್ಪಲಿ ಮೂಸಿತು. ಅಷ್ಟೇ ಆದದ್ದು. ದಾರಿಯಲ್ಲಿ ಬರುವಾಗ ಆಯಿ, "ಅದೂ ಮಾತು ಕಡಿಮೆ, ನಿನ್ನ ಅಪ್ಪಯ್ಯನ ಹಾಗೆ" ಅಂದಳು.

ಘಟ್ಟದ ಮೇಲಿನ ಮೇಡಂ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕೊರೆಯಿತು. ನಾನು ಅಲ್ಲಿಯ ತನಕ ಅಪ್ಪಯ್ಯನ ಹೆಸರೇ ಬರೆಯುವುದು ಅಂದುಕೊಂಡಿದ್ದೆ, ಬೇರೆ ಯೋಚನೆಯೇ ಇರಲಿಲ್ಲ. ಬೆಂಗಳೂರಿನಲ್ಲಿ ನನ್ನ ಬಾಡಿಗೆ ಮನೆ ಮಾಲೀಕರ ಹತ್ತಿರ ಹೋಗಿ, ಮುಂದೆ ಯಾವತ್ತಾದರೂ ಊರಿನಿಂದ ಒಂದು ನಾಯಿ ಬಂದರೆ ಇರಬಹುದಾ ಅಂತ ಕೇಳಿದೆ. ಯಾವಾಗ ಬರುತ್ತದೆ ಅಂದರು. ಗೊತ್ತಿಲ್ಲ, ಬರದೆಯೂ ಇರಬಹುದು ಅಂದೆ. ನನ್ನನ್ನು ಒಂದು ಥರ ನೋಡಿ, ಆಗಲಿ, ಎರಡನೇ ಮಹಡಿಗೆ ತರಬೇಡಿ, ಕೆಳಗಿನ ಮನೆ ಖಾಲಿಯಾದರೆ ಅಲ್ಲಿಗೆ ಬನ್ನಿ ಅಂದರು. ಫಾರ್ಮ್‌ನಲ್ಲಿ ನನ್ನ ಹೆಸರು ಬರೆದಿದ್ದೇನೆ. ಎರಡೂ ವಿಳಾಸ ಬರೆದಿದ್ದೇನೆ.

ಅವರು ಮನೆ ನೋಡಿ ಹೋದರು. ಅಂಗಳದ ಕಂಬದಲ್ಲಿದ್ದ ಸರಪಳಿ ನೋಡಿ ಏನೂ ಕೇಳಲಿಲ್ಲ, ಆದರೆ ಅವರು ಹೋದ ಮೇಲೆ ಅಪ್ಪಯ್ಯ ತಾನೇ ಬಿಚ್ಚಿ ಅಟ್ಟದ ಮೇಲೆ ಹಾಕಿದರಂತೆ.

ಸೊಪ್ಪಿನಬೆಟ್ಟದವರೇ, ಜಗಲಿ ಗ್ರಿಲ್ ಕೆಲಸಕ್ಕೆ ಬುಧವಾರ ಜನ ಬರುತ್ತಾರೆ. ಸರಳುಗಳ ನಡುವೆ ಎಷ್ಟು ಜಾಗ ಬಿಡಿಸಲಿ? ಅಪ್ಪಯ್ಯ ಒಂದು ಗೇಣು ಸಾಕು ಅನ್ನುತ್ತಾರೆ.

ಸೊಪ್ಪಿನಬೆಟ್ಟ:

ಗೇಣು ಜಾಸ್ತಿ ಆಯಿತು, ಪಂಜ ಒಳಗೆ ಬರುತ್ತದೆ. ಎರಡು ಬೆರಳು ಹೋಗುವಷ್ಟು ಬಿಡಿಸಿ, ಕೆಳಗಿನ ಅರ್ಧಕ್ಕೆ ತಗಡು ಹೊಡೆಸಿ. ಮೇಲೆ ಮಾಡಿನ ತನಕ ಪೂರ್ತಿ ಮುಚ್ಚಬೇಕು, ಚಿರತೆ ಹತ್ತುತ್ತದೆ. ಚಿಲಕ ಆಯಿಗೆ ಕೈ ಎಟುಕುವ ಎತ್ತರದಲ್ಲಿ.